ಮೆರವಣಿಗೆ ಒಲ್ಲದ ನಾವಿಕ

ಯುದ್ಧನೌಕೆಗೆ ಅಡ್ಮಿರಲ್‌ಗಳ ಹೆಸರಿಡುವುದು ಹೊಸದೇನಲ್ಲ. ಆಸ್ಟ್ರೇಲಿಯಾದ ನೌಕಾಪಡೆ 2011ರ ಡಿಸೆಂಬರಿನಲ್ಲಿ ಸೇವೆಗೆ ಸೇರಿಸಿಕೊಂಡ ಹಡಗಿನ ಮೇಲಿರುವುದು ಮಾತ್ರ ಕ್ಲಾಡ್ ಚೂಲ್ಸ್ ಎಂಬ ಸಾಮಾನ್ಯ ನಾವಿಕನ ಹೆಸರು.

1901ರಲ್ಲಿ ಇಂಗ್ಲೆಂಡಿನ ಪರ್ಶೋರ್‌ನಲ್ಲಿ ಹುಟ್ಟಿದ ಚೂಲ್ಸ್, ಇನ್ನೂ ಮೀಸೆ ಚಿಗುರುವ ವಯಸ್ಸಿನಲ್ಲೇ ‘ರಿವೆಂಜ್’ ಯುದ್ಧನೌಕೆ ಹತ್ತಿದವರು. 1918ರಲ್ಲಿ ಜರ್ಮನ್ ನೌಕಾಬಲ ಶರಣಾದದ್ದನ್ನು ಕಣ್ಣಾರೆ ಕಂಡರು. ಮರುವರ್ಷ ಅದೇ ಜರ್ಮನ್ನರು ಸ್ಕಾಟ್ಲೆಂಡಿನ ಸ್ಕಾಪಾ ಫ್ಲೋದಲ್ಲಿ ತಮ್ಮ ಹಡಗುಗಳನ್ನು ತಾವೇ ಮುಳುಗಿಸಿಕೊಂಡದ್ದನ್ನೂ ನೋಡಿದರು; ಒಂದೇ ದಿನ 52 ಹಡಗು ನೀರುಪಾಲು! ಮುಂದೆ ಚೂಲ್ಸ್ ಆಸ್ಟ್ರೇಲಿಯಾದ ನೌಕಾಪಡೆ ಸೇರಿದರು. ಎರಡನೇ ಮಹಾಯುದ್ಧದಲ್ಲಿ ಅವರಿಗೆ ಬಿದ್ದ ಹೊಣೆ ವಿಚಿತ್ರವಾದದ್ದು: ಜಪಾನೀಯರು ನುಗ್ಗಿದರೆ ಫ್ರೀಮ್ಯಾಂಟಲ್ ಬಂದರನ್ನು ಶತ್ರುವಿಗೆ ದಕ್ಕದಂತೆ ಸ್ಫೋಟಿಸುವುದು. ಜಪಾನೀಯರು ಬರಲಿಲ್ಲ, ಬಂದರು ಉಳಿಯಿತು.

ಇಂಥವರನ್ನು ಎದೆಯ ಪದಕ ಎಣಿಸಿ ನೆನೆಯುವುದು ಸುಲಭ. ಆದರೆ ಅದು ಚೂಲ್ಸ್‌ಗೆ ಒಗ್ಗುವ ನೆನಪಲ್ಲ. ಯುದ್ಧದ ವೈಭವೀಕರಣ ಅವರಿಗೆ ಹಿಡಿಸುತ್ತಿರಲಿಲ್ಲ. ಆಸ್ಟ್ರೇಲಿಯಾ ತನ್ನ ಯೋಧರನ್ನು ಸ್ಮರಿಸುವ ಆನ್‌ಜ್ಯಾಕ್ ದಿನದ ಮೆರವಣಿಗೆಯಿಂದ ದೂರವೇ ಉಳಿದರು. ಎರಡೆರಡು ಯುದ್ಧ ಕಂಡವರ ಈ ಹಿಂಜರಿಕೆ, ಟಿವಿ ಮುಂದೆ ಕೂತು ಯುದ್ಧ ಬೇಕೆನ್ನುವ ನಮ್ಮ ಹುಮ್ಮಸ್ಸಿಗಿಂತ ಹೆಚ್ಚು ತೂಕದ್ದು.

ತಮ್ಮ ಆತ್ಮಕಥೆ ಅಚ್ಚಾದಾಗ ಅವರಿಗೆ 108 ವರ್ಷ. 2011ರ ಮೇ 5ರಂದು ಪರ್ತ್‌ನಲ್ಲಿ ಅವರು ತೀರಿಕೊಂಡಾಗ, ಮೊದಲ ಮಹಾಯುದ್ಧದ ಕಾಳಗ ಕಂಡ ಸೈನಿಕರಲ್ಲಿ ಬದುಕಿ ಉಳಿದವರು ಯಾರೂ ಇರಲಿಲ್ಲ.