ಕಂಪೈಲರಿನ ಮುಂದೆ ಕನ್ನಡದ ಹುಡುಗ

ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿಯೇ ಗಣಿತವನ್ನು ಕಲಿತು ಈಗ ಎಂಜಿನಿಯರಿಂಗ್ ಕಾಲೇಜಿನ ಮೊದಲ ವರ್ಷದಲ್ಲಿರುವ ನೆರೆಮನೆಯ ಹುಡುಗನು ಈ ವಾರ ತನ್ನ ಸಿ ಪ್ರೋಗ್ರಾಮಿಂಗಿನ ಲ್ಯಾಬ್ ರೆಕಾರ್ಡನ್ನು ತೋರಿಸಿದನು. ಪ್ರೋಗ್ರಾಮುಗಳೆಲ್ಲ ನಿರ್ದುಷ್ಟ, ವಿವರಣೆಯ ಪುಟಗಳು ಮಾತ್ರ ಪಕ್ಕದವನ ಪುಸ್ತಕದಿಂದ ಅಕ್ಷರಶಃ ಇಳಿದುಬಂದವು. 1989ರಲ್ಲಿ ಪ್ರಮಾಣೀಕೃತವಾದ ಸಿ ಭಾಷೆಯ ಮೀಸಲು ಪದಗಳು ಒಟ್ಟು 32. ಅಷ್ಟನ್ನು ಲೀಲಾಜಾಲವಾಗಿ ಕರಗತ ಮಾಡಿಕೊಳ್ಳಬಲ್ಲ ಬುದ್ಧಿಯು ಮುಗ್ಗರಿಸುವುದು ಪ್ರಶ್ನಪತ್ರಿಕೆಯ ಸುತ್ತುಬಳಸಿನ ಇಂಗ್ಲಿಷಿನಲ್ಲಿ, ಮತ್ತು ಹಿಂದಿನ ಸಾಲಿನಲ್ಲಿ ಸೆಮಿಕೋಲನ್ ಒಂದು ಬಿಟ್ಟುಹೋದುದಕ್ಕೆ ಮುಂದಿನ ಸಾಲನ್ನು ದೂರುವ ಕಂಪೈಲರಿನ ಅರೆಮಾತಿನಲ್ಲಿ. (ಇಂಗ್ಲಿಷ್ ಬಲ್ಲವರನ್ನೂ ಅದು ಹಾಗೆಯೇ ದಾರಿ ತಪ್ಪಿಸುವುದೆಂಬುದು ಅಲ್ಪ ಸಮಾಧಾನ.) ಕಲಿಯುವ ವಸ್ತು ಬೇರೆ ನುಡಿಯದಾದರೂ ತಿದ್ದುವ ನುಡಿ ನಮ್ಮದಾಗಿರಬಹುದು: ತ್ಯಾಗರಾಜರ ಕೃತಿಗಳನ್ನು ಮೈಸೂರಿನ ಸಂಗೀತಶಿಷ್ಯರು ತೆಲುಗಿನಲ್ಲಿಯೇ ಹಾಡುತ್ತ ಬಂದಿರುವರು, ಆದರೆ ತಾಳ ತಪ್ಪಿದಾಗ ಗುರುವು ಗದರಿದ್ದು ಕನ್ನಡದಲ್ಲಿ ಅಲ್ಲವೆ? ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು 2021ರಲ್ಲಿ ಕನ್ನಡದಲ್ಲಿಯೂ ಎಂಜಿನಿಯರಿಂಗ್ ಬೋಧನೆಗೆ ಸಮ್ಮತಿಯಿತ್ತಿತಾದರೂ, ಇಡೀ ಪದವಿಯನ್ನೇ ಕನ್ನಡಕ್ಕೆ ತಿರುಗಿಸಿದರೆ ನೌಕರಿಯ ಬಾಗಿಲು ಮುಚ್ಚೀತೆಂಬ ತಂದೆತಾಯಿಗಳ ಭೀತಿಯನ್ನು ನಿರಾಧಾರವೆಂದು ನಾನು ತಳ್ಳಿಹಾಕಲಾರೆನು. ನನ್ನ ಬೇಡಿಕೆ ಅದಕ್ಕಿಂತ ಕಿರಿದು: ಮೊದಲ ಸೆಮಿಸ್ಟರಿನ ಮೌಖಿಕ ಪರೀಕ್ಷೆಯಲ್ಲಿಯಾದರೂ, ಲೂಪು ಎಲ್ಲಿ ನಿಲ್ಲುವುದು, ಏಕೆ ನಿಲ್ಲುವುದು ಎಂಬುದನ್ನು ಹುಡುಗನು ತನಗೆ ಒಗ್ಗಿದ ನುಡಿಯಲ್ಲಿ ಹೇಳಿದರೆ ಪರೀಕ್ಷಕರು ಪೂರ್ಣಾಂಕವನ್ನೇ ಕೊಡಲಿ.