ಸ್ಕೂಟರಿನ ಪ್ಲಾಸ್ಟಿಕ್ ಬಾಡಿಗೆ ಹೊಸ ಬಣ್ಣ: ಸಿಪ್ಪೆ ಏಳುವುದು ಪೇಂಟಿನ ತಪ್ಪೇ?

ಒಂದು ಕಡೆ ಅರಬ್ಬೀ ಸಮುದ್ರ, ತೆಂಕಣಕ್ಕೆ ಶಾಂಭವಿ ನದಿ, ನಡುವೆ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 66. ಉಡುಪಿ ಜಿಲ್ಲೆಯ ದಕ್ಷಿಣದ ತುದಿಯಲ್ಲಿರುವ ಹೆಜಮಾಡಿಯಲ್ಲಿ ಅಂಗಳಕ್ಕೊಂದು ಸ್ಕೂಟರ್ ಇದ್ದೇ ಇರುತ್ತದೆ. ನಾಲ್ಕೈದು ಮಳೆಗಾಲ ಕಂಡ ಸ್ಕೂಟರುಗಳಲ್ಲಿ ಹೆಚ್ಚಿನವು ಒಂದೇ ಥರ ಕಾಣುತ್ತವೆ. ಕೆಂಪು ಬಣ್ಣ ಮಾಸಿ ಗುಲಾಬಿಯಾಗಿದೆ, ಕಪ್ಪು ಭಾಗ ಬೂದಿ ಬಳಿದಂತಾಗಿದೆ, ಮಡ್‌ಗಾರ್ಡಿನ ಅಂಚಿನಲ್ಲಿ ಬಣ್ಣ ಎದ್ದುಬಂದಿದೆ. ಆಗ ಮನೆಯವರಿಗೆ ಬರುವ ಯೋಚನೆ: ಒಂದು ಸ್ಪ್ರೇ ಡಬ್ಬಿ ತಂದು ನಾವೇ ಹೊಡೆದರಾಯಿತು, ಇಲ್ಲವಾದರೆ ಗ್ಯಾರೇಜಿಗೆ ಕೊಟ್ಟರಾಯಿತು.

ಹೊಸ ಬಣ್ಣ ಮೊದಲ ತಿಂಗಳು ಚೆಂದವೇ ಕಾಣುತ್ತದೆ. ಮುಂದಿನ ಮಳೆಗಾಲ ಮುಗಿಯುವಷ್ಟರಲ್ಲಿ ಹಪ್ಪಳದ ಹಾಗೆ ಏಳತೊಡಗಿದರೆ ‘ಪೇಂಟ್ ಡೂಪ್ಲಿಕೇಟ್’ ಎಂದು ಬೈಯುತ್ತೇವೆ. ಹೆಚ್ಚಿನ ಸಲ ತಪ್ಪು ಪೇಂಟಿನದ್ದಲ್ಲ, ಅದರ ಅಡಿಯಲ್ಲಿರುವ ಪ್ಲಾಸ್ಟಿಕ್ಕಿನ ಗುಣ ತಿಳಿಯದೆ ಮಾಡಿದ ಕೆಲಸದ್ದು. ಈ ಬಗ್ಗೆ ಚಾಲ್ತಿಯಲ್ಲಿರುವ ಕೆಲವು ನಂಬಿಕೆಗಳನ್ನು ಇಲ್ಲಿ ಒಂದೊಂದಾಗಿ ನೋಡೋಣ.

‘ಫೈಬರ್ ಬಾಡಿ’ ಎಂದರೆ ನಿಜಕ್ಕೂ ಏನು?

ಸ್ಕೂಟರಿನ ಪ್ಲಾಸ್ಟಿಕ್ ಭಾಗಗಳನ್ನು ನಮ್ಮಲ್ಲಿ ‘ಫೈಬರ್’ ಎಂದೇ ಕರೆಯುವುದು. ನಿಜವಾದ ಫೈಬರ್ ಗ್ಲಾಸ್ ಬೇರೆ. ಅದು ಗಾಜಿನ ಎಳೆಗಳನ್ನು ರಾಳದಲ್ಲಿ ಕೂರಿಸಿದ ವಸ್ತು, ನಾಡದೋಣಿಗಳಲ್ಲಿ ಬಳಸುವಂಥದ್ದು. ಸ್ಕೂಟರಿನಲ್ಲಿ ಇರುವುದು ಮುಖ್ಯವಾಗಿ ಎರಡು ಬಗೆಯ ಪ್ಲಾಸ್ಟಿಕ್. ಬಣ್ಣ ಬಳಿದ ಹೊಳಪಿನ ಪ್ಯಾನೆಲ್‌ಗಳು ಸಾಮಾನ್ಯವಾಗಿ ಎಬಿಎಸ್. ಕಾಲಿಡುವ ಜಾಗ, ಒಳ ಮಡ್‌ಗಾರ್ಡ್ ಮುಂತಾದ ಬಣ್ಣವಿಲ್ಲದ ಕಪ್ಪು ಭಾಗಗಳು ಸಾಮಾನ್ಯವಾಗಿ ಪಾಲಿಪ್ರೊಪಿಲೀನ್, ಅಂದರೆ ಪಿಪಿ. ಕೆಲವು ಸ್ಕೂಟರುಗಳ ಬಾಡಿಯಲ್ಲಿ ತಗಡಿನ ಭಾಗಗಳೂ ಇವೆ. ಅನುಮಾನವಿದ್ದರೆ ಆಯಸ್ಕಾಂತ ಹಿಡಿದು ನೋಡಿ.

ಎರಡು ಪ್ಲಾಸ್ಟಿಕ್‌ಗಳನ್ನು ಗುರುತಿಸುವುದು ಕಷ್ಟವಲ್ಲ. ಪ್ಯಾನೆಲ್ ಬಿಚ್ಚಿ ಹಿಂಬದಿ ನೋಡಿದರೆ ಎಬಿಎಸ್ ಅಥವಾ ಪಿಪಿ ಎಂಬ ಅಚ್ಚು ಸಾಮಾನ್ಯವಾಗಿ ಸಿಗುತ್ತದೆ. ಅಚ್ಚು ಇಲ್ಲದಿದ್ದರೆ ಮುರಿದ ಚೂರೊಂದನ್ನು ಸಿಹಿನೀರಿಗೆ ಹಾಕಿ. ಪಿಪಿಯ ಸಾಂದ್ರತೆ ಸುಮಾರು 0.9, ತೇಲುತ್ತದೆ. ಎಬಿಎಸ್‌ನದು ಸುಮಾರು 1.04, ಮುಳುಗುತ್ತದೆ. ಆದರೆ ಟಾಲ್ಕ್ ಪುಡಿ ಬೆರೆಸಿದ ಪಿಪಿ ಕೂಡ ಮುಳುಗಬಹುದು. ಹಾಗಾಗಿ ಅಚ್ಚನ್ನು ನಂಬುವುದೇ ಮೇಲು.

ಪ್ರೈಮರ್ ಹೊಡೆದರೆ ಸಾಕೇ?

ಎಬಿಎಸ್‌ಗೆ ಸಾಕು, ಪಿಪಿಗೆ ಸಾಲದು. ಕೆಸುವಿನ ಎಲೆಯ ಮೇಲೆ ನೀರು ನಿಲ್ಲದೆ ಮುತ್ತಾಗಿ ಉರುಳುವುದನ್ನು ನೋಡಿದ್ದೀರಿ. ಪಿಪಿಯ ಮೇಲೆ ಪೇಂಟಿನ ಪಾಡೂ ಹೆಚ್ಚುಕಡಿಮೆ ಅದೇ. ಮೇಲ್ಮೈ ಶಕ್ತಿ ಎಂಬ ಗುಣ ಪಿಪಿಯಲ್ಲಿ ತೀರ ಕಡಿಮೆ, ಮೀಟರಿಗೆ ಸುಮಾರು 30 ಮಿಲಿನ್ಯೂಟನ್. ಎಬಿಎಸ್‌ನಲ್ಲಿ ಅದು ಸುಮಾರು 40. ಈ ಸಣ್ಣ ಅಂತರವೇ ಪೇಂಟ್ ಹರಡಿ ಹಿಡಿಯುತ್ತದೋ ಇಲ್ಲವೋ ಎಂಬುದನ್ನು ನಿರ್ಧರಿಸುತ್ತದೆ. ಪಿಪಿಗೆ ಬಣ್ಣ ಕೂರಬೇಕಾದರೆ ಮೊದಲು ‘ಅಡ್ಹೆಷನ್ ಪ್ರೊಮೋಟರ್’ ಎಂಬ ತೆಳುವಾದ ಪದರ ಬೇಕು. ಕ್ಲೋರಿನ್ ಸೇರಿಸಿದ ಪಾಲಿಒಲೆಫಿನ್ ಇರುವ ಈ ದ್ರವ ಒಂದು ಬದಿಯಲ್ಲಿ ಪಿಪಿಗೂ ಇನ್ನೊಂದು ಬದಿಯಲ್ಲಿ ಪೇಂಟಿಗೂ ಅಂಟುತ್ತದೆ. ಕಾರ್ಖಾನೆಗಳಲ್ಲಿ ಇದೇ ಉದ್ದೇಶಕ್ಕೆ ಪಿಪಿಯ ಮೇಲೆ ಬೆಂಕಿಯ ಜ್ವಾಲೆ ಹಾಯಿಸುವ ಕ್ರಮವೂ ಇದೆ. ಮನೆಯಲ್ಲಿ ಅದನ್ನು ಮಾಡಲು ಹೋಗಬೇಡಿ.

ನಮ್ಮ ಸಲಹೆ ಇನ್ನೂ ಸರಳ. ಬಣ್ಣವೇ ಇಲ್ಲದೆ ಬಂದ ಕಪ್ಪು ಪಿಪಿ ಭಾಗಗಳನ್ನು ಹಾಗೆಯೇ ಬಿಡಿ. ಕಾಲು ಉಜ್ಜುವ, ಕಲ್ಲು ಸಿಡಿಯುವ ಜಾಗದಲ್ಲಿ ಎಷ್ಟೇ ಒಳ್ಳೆಯ ಬಣ್ಣವೂ ಹೆಚ್ಚು ದಿನ ನಿಲ್ಲುವುದಿಲ್ಲ.

ಪ್ಲಾಸ್ಟಿಕ್ ತುಕ್ಕು ಹಿಡಿಯುವುದಿಲ್ಲವಲ್ಲ, ಉಪ್ಪುಗಾಳಿ ಏನು ಮಾಡೀತು?

ಇದು ಅರ್ಧ ಸತ್ಯ. ಉಪ್ಪು ಪ್ಲಾಸ್ಟಿಕ್ಕನ್ನು ತಿನ್ನುವುದಿಲ್ಲ. ಪ್ಲಾಸ್ಟಿಕ್ಕಿಗೆ ನಿಜವಾದ ಶತ್ರು ಬಿಸಿಲಿನ ನೇರಳಾತೀತ ಕಿರಣ. ಎಬಿಎಸ್‌ನಲ್ಲಿ ಬ್ಯುಟಾಡೈಯೀನ್ ಎಂಬ ರಬ್ಬರ್ ಅಂಶವಿದೆ, ಪೆಟ್ಟು ತಡೆಯುವ ಶಕ್ತಿ ಅದರಿಂದಲೇ ಬರುವುದು. ಬಣ್ಣದ ರಕ್ಷಣೆ ಹೋದ ಜಾಗದಲ್ಲಿ ಬಿಸಿಲು ಈ ರಬ್ಬರನ್ನೇ ಮೊದಲು ಕೆಡಿಸುತ್ತದೆ. ಪ್ಯಾನೆಲ್ ಹಳದಿಯಾಗಿ, ಪೆಡಸಾಗಿ, ಸ್ಕ್ರೂ ಬಿಗಿಯುವಾಗ ಚಟ್ಟನೆ ಒಡೆಯುವುದು ಇದರಿಂದ. ಅಂದರೆ ಬಣ್ಣ ಅಲಂಕಾರ ಮಾತ್ರವಲ್ಲ, ಪ್ಲಾಸ್ಟಿಕ್ಕಿನ ಕೊಡೆಯೂ ಹೌದು.

ಉಪ್ಪಿನ ಕೆಲಸ ಬೇರೆ ದಾರಿಯದು. ತೊಳೆಯದೆ ಉಳಿದ ಉಪ್ಪಿನ ಮೇಲೆ ಬಣ್ಣ ಹೊಡೆದರೆ ಆ ಉಪ್ಪು ಪದರದ ಮೂಲಕ ನೀರಿನ ಅಂಶವನ್ನು ಎಳೆದುಕೊಳ್ಳುತ್ತದೆ. ಮಳೆಗಾಲದಲ್ಲಿ ಬಣ್ಣದಡಿ ಸಣ್ಣ ಗುಳ್ಳೆಗಳು ಏಳುತ್ತವೆ. ಸ್ಕ್ರೂ ಮತ್ತು ಕ್ಲಿಪ್ಪುಗಳ ತುಕ್ಕು ಕೂಡ ಅಂಚಿನಿಂದ ಬಣ್ಣವನ್ನು ಎಬ್ಬಿಸುತ್ತದೆ. ಕಡಲ ಬದಿಯ ಊರಿನಲ್ಲಿ ಬಣ್ಣದ ಮೊದಲ ಹಂತ ಉಜ್ಜುವುದಲ್ಲ. ಬಾವಿಯ ಸಿಹಿನೀರು ಮತ್ತು ಸೋಪಿನಲ್ಲಿ ಚೆನ್ನಾಗಿ ತೊಳೆಯುವುದು.

ಪೆಟ್ರೋಲ್, ಥಿನ್ನರ್, ತೆಂಗಿನೆಣ್ಣೆ

ಬಣ್ಣ ಹೊಡೆಯುವ ಮೊದಲು ಪೆಟ್ರೋಲಿನಲ್ಲಿ ಒರೆಸುವುದು ಹಳೆಯ ರೂಢಿ. ತಗಡಿನ ಬಾಡಿಯ ಕಾಲದಲ್ಲಿ ನಡೆಯುತ್ತಿತ್ತು. ಎಬಿಎಸ್‌ಗೆ ಪೆಟ್ರೋಲ್ ಅಥವಾ ಗಡಸು ಥಿನ್ನರ್ ತಾಗಿದರೆ ಕೂದಲೆಳೆಯಂಥ ಬಿರುಕುಗಳು ಮೂಡಬಹುದು. ಅಸಿಟೋನ್ ಅಂತೂ ಎಬಿಎಸ್ಸನ್ನು ಕರಗಿಸಿಬಿಡುತ್ತದೆ. ಬೆಂಕಿಯ ಅಪಾಯ ಬೇರೆ. ಜಿಡ್ಡು ತೆಗೆಯಲು ಸೋಪುನೀರು, ಆಮೇಲೆ ಬಟ್ಟೆಯಲ್ಲಿ ಐಸೊಪ್ರೊಪೈಲ್ ಆಲ್ಕೋಹಾಲ್ ಸಾಕು.

ಬೂದು ಬಣ್ಣಕ್ಕೆ ತಿರುಗಿದ ಪ್ಲಾಸ್ಟಿಕ್ಕಿಗೆ ತೆಂಗಿನೆಣ್ಣೆ ಹಚ್ಚಿದರೆ ಕೆಲವು ದಿನ ಕಪ್ಪಗೆ ಕಾಣುವುದು ನಿಜ. ಹಾಳಾದ ಪದರ ಅದರಿಂದ ಸರಿಯಾಗುವುದಿಲ್ಲ, ಎಣ್ಣೆಗೆ ಧೂಳೂ ಅಂಟುತ್ತದೆ. ಮುಂದೆ ಬಣ್ಣ ಹೊಡೆಯುವ ಯೋಚನೆಯಿದ್ದರೆ ಎಣ್ಣೆಯೂ ಬೇಡ, ಸಿಲಿಕೋನ್ ಪಾಲಿಶ್ ಅಂತೂ ಬೇಡವೇ ಬೇಡ. ಸಿಲಿಕೋನಿನ ಸಣ್ಣ ಕಲೆ ಇದ್ದರೂ ಪೇಂಟ್ ಅಲ್ಲಿಂದ ಹಿಂದೆ ಸರಿದು ದುಂಡಗಿನ ಕುಳಿಯಾಗುತ್ತದೆ. ಪೇಂಟರುಗಳು ಇದನ್ನು ‘ಫಿಶ್ ಐ’ ಎನ್ನುತ್ತಾರೆ.

ಮಳೆ ನಿಂತ ಎರಡು ಗಂಟೆಯಲ್ಲಿ ಹೊಡೆಯಬಹುದೇ?

ಆಟಿ ತಿಂಗಳಲ್ಲಿ ನಡುವೆ ಬಿಸಿಲು ಕಂಡರೂ ಗಾಳಿಯಲ್ಲಿ ತೇವ ತುಂಬಿರುತ್ತದೆ. 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಆರ್ದ್ರತೆ ಶೇ. 90 ಇದ್ದರೆ ಇಬ್ಬನಿ ಬೀಳುವ ಉಷ್ಣತೆ ಸುಮಾರು 28 ಡಿಗ್ರಿ. ಎರಡೇ ಡಿಗ್ರಿಯ ಅಂತರ. ಥಿನ್ನರ್ ಆವಿಯಾಗುವಾಗ ಮೇಲ್ಮೈ ತಣ್ಣಗಾಗುತ್ತದೆ, ಒದ್ದೆ ಬಟ್ಟೆ ಉಟ್ಟವರಿಗೆ ಚಳಿಯಾದ ಹಾಗೆ. ಆಗ ಗಾಳಿಯ ತೇವ ಹಸಿ ಬಣ್ಣದ ಮೇಲೆ ಕೂತು ಬಿಳಿ ಮಬ್ಬು ಕಟ್ಟುತ್ತದೆ. ಹಾರ್ಡ್‌ನರ್ ಬೆರೆಸಿದ ಪೇಂಟಾದರೆ ಹಾರ್ಡ್‌ನರ್ ನೀರಿನ ಜೊತೆ ಸೇರಿ ಇಂಗಾಲದ ಡೈಆಕ್ಸೈಡ್ ಹೊರಬಿಟ್ಟು ಸೂಜಿತೂತುಗಳನ್ನೂ ಮಾಡಬಹುದು. ಬೇಸಿಗೆಯಲ್ಲಿ 32 ಡಿಗ್ರಿ, ಶೇ. 60 ಆರ್ದ್ರತೆ ಇರುವ ದಿನ ಇಬ್ಬನಿಯ ಉಷ್ಣತೆ ಸುಮಾರು 23 ಡಿಗ್ರಿಗೆ ಇಳಿದಿರುತ್ತದೆ. ಆದ್ದರಿಂದ ಕರಾವಳಿಯಲ್ಲಿ ಈ ಕೆಲಸಕ್ಕೆ ಡಿಸೆಂಬರಿನಿಂದ ಮಾರ್ಚ್ ಒಳ್ಳೆಯ ಕಾಲ, ಹೊತ್ತೇರಿದ ಮೇಲಿನ ಬೆಳಗು ಒಳ್ಳೆಯ ಹೊತ್ತು.

ಸುಡು ಬಿಸಿಲಿನಲ್ಲಿ ಇಟ್ಟರೆ ಬೇಗ ಒಣಗುತ್ತದೆ ಎಂಬುದೂ ತಪ್ಪು ಲೆಕ್ಕ. ಮೇಲಿನ ಪದರ ಬೇಗ ಕೆನೆಗಟ್ಟಿ ಒಳಗಿನ ಥಿನ್ನರ್ ಸಿಕ್ಕಿಹಾಕಿಕೊಳ್ಳುತ್ತದೆ. ನೆರಳಿನಲ್ಲಿ, 20ರಿಂದ 25 ಸೆಂಟಿಮೀಟರ್ ದೂರದಿಂದ, ತೆಳು ಪದರಗಳಾಗಿ, ನಡುವೆ ಹತ್ತು ನಿಮಿಷ ಬಿಟ್ಟು ಹೊಡೆಯಬೇಕು. ಕೈಗೆ ಅಂಟದಿದ್ದರೆ ಒಣಗಿದೆ ಎಂದಷ್ಟೇ ಅರ್ಥ, ಗಟ್ಟಿಯಾಗಿದೆ ಎಂದಲ್ಲ. ಅದಕ್ಕೆ ಸುಮಾರು ಒಂದು ವಾರ ಬೇಕು.

ಪಟ್ಟಿ ದಪ್ಪ ಮೆತ್ತಿದರೆ ಬಿರುಕು ಮುಚ್ಚುತ್ತದೆಯೇ?

ಅರ್ಧ ಮೀಟರ್ ಉದ್ದದ ಎಬಿಎಸ್ ಪ್ಯಾನೆಲ್ ಬಿಸಿಲಿನಲ್ಲಿ 40 ಡಿಗ್ರಿಯಷ್ಟು ಹೆಚ್ಚು ಬಿಸಿಯಾದರೆ ಸುಮಾರು ಒಂದೂವರೆ ಮಿಲಿಮೀಟರ್ ಹಿಗ್ಗುತ್ತದೆ. ಅಷ್ಟೇ ಉದ್ದದ ಉಕ್ಕು ಹಿಗ್ಗುವುದು ಕಾಲು ಮಿಲಿಮೀಟರ್. ತಗಡಿಗೆಂದು ಮಾಡಿದ ಗಡಸು ಪಟ್ಟಿಯನ್ನು ದಪ್ಪಗೆ ಹಚ್ಚಿದರೆ ಪ್ಲಾಸ್ಟಿಕ್ ಬಳುಕುತ್ತದೆ, ಪಟ್ಟಿ ಬಳುಕುವುದಿಲ್ಲ. ಹಾಗಾಗಿ ಪ್ಲಾಸ್ಟಿಕ್ಕಿನದೇ ಪಟ್ಟಿಯನ್ನು ತೆಳುವಾಗಿ ಬಳಸಬೇಕು. ಸೀಳು ದೊಡ್ಡದಿದ್ದರೆ ಅಥವಾ ಪ್ಯಾನೆಲ್ ಪೆಡಸಾಗಿದ್ದರೆ ಹೊಸದನ್ನೇ ಹಾಕಿಸುವುದು ಒಳ್ಳೆಯದು.

ವಾಸನೆ ಬರದಿದ್ದರೆ ಅಪಾಯವಿಲ್ಲವೇ?

ಎಲ್ಲಕ್ಕಿಂತ ದೊಡ್ಡ ತಪ್ಪು ತಿಳಿವಳಿಕೆ ಇದು. ಬಣ್ಣ ಕೆಟ್ಟರೆ ಮತ್ತೆ ಹೊಡೆಯಬಹುದು, ಶ್ವಾಸಕೋಶದ ವಿಷಯ ಹಾಗಲ್ಲ. ಗಟ್ಟಿಯಾಗಿ ಹೊಳೆಯುವ ‘ಟು-ಕೆ’ ಪಿಯು ಪೇಂಟ್ ಮತ್ತು ಕ್ಲಿಯರ್ ಕೋಟ್‌ಗಳ ಹಾರ್ಡ್‌ನರಿನಲ್ಲಿ ಐಸೊಸಯನೇಟ್ ಇರುತ್ತದೆ. ಸ್ಪ್ರೇ ಮಾಡುವವರಿಗೆ ಬರುವ ವೃತ್ತಿಜನ್ಯ ಆಸ್ತಮಾಕ್ಕೆ ಪ್ರಪಂಚದೆಲ್ಲೆಡೆ ಗುರುತಿಸಲಾದ ಪ್ರಮುಖ ಕಾರಣಗಳಲ್ಲಿ ಇದೊಂದು. ಮೂಗಿಗೆ ವಾಸನೆ ತಿಳಿಯುವ ಮೊದಲೇ ಅದು ಅಪಾಯದ ಮಟ್ಟ ದಾಟಿರಬಹುದು. ಒಮ್ಮೆ ದೇಹ ಅದಕ್ಕೆ ಸೂಕ್ಷ್ಮವಾದರೆ ಆಮೇಲೆ ತೀರ ಸ್ವಲ್ಪ ತಾಗಿದರೂ ಎದೆ ಬಿಗಿಯಬಹುದು. ಆಗ ಪೇಂಟರಿಗೆ ಉಳಿಯುವ ದಾರಿ ಸ್ಪ್ರೇ ಕೆಲಸ ಬಿಡುವುದೊಂದೇ. ಕುಟುಂಬ ನಡೆಯುವುದೇ ಆ ಕೆಲಸದಿಂದ ಎಂದಾದರೆ ಇದು ಸಣ್ಣ ಮಾತಲ್ಲ.

ಕರ್ಚೀಫು ಅಥವಾ ಧೂಳಿನ ಮಾಸ್ಕ್ ಆವಿಯನ್ನು ತಡೆಯುವುದಿಲ್ಲ. ಬೆಲ್ಲ, ಬಾಳೆಹಣ್ಣು ತಿಂದರೆ ಪೇಂಟ್ ಹೊರಗೆ ಹೋಗುತ್ತದೆ ಎಂಬ ನಂಬಿಕೆಯೂ ಇದೆ. ತಿಂದದ್ದು ಹೊಟ್ಟೆಗೆ ಹೋಗುತ್ತದೆ, ಆವಿ ಹೋಗುವುದು ಶ್ವಾಸಕೋಶಕ್ಕೆ. ಇಂಥ ಪೇಂಟ್ ಹೊಡೆಯುವವರಿಗೆ ಹೊರಗಿನಿಂದ ಶುದ್ಧ ಗಾಳಿ ಕೊಡುವ ಮುಖಗವಸು, ಗಾಳಿ ಎಳೆಯುವ ಫ್ಯಾನು, ಕೈಗವಸು ಬೇಕು. ಮನೆಯಂಗಳ ಇದಕ್ಕೆ ಜಾಗವಲ್ಲ. ಕೆಲಸದ ದಿನ ರಾತ್ರಿ ಕೆಮ್ಮು, ಎದೆಯಲ್ಲಿ ಶಿಳ್ಳೆಯಂಥ ಸದ್ದು ಬಂದು, ರಜೆಯಲ್ಲಿ ಕಡಿಮೆಯಾದರೆ ಶೀತವೆಂದು ತಳ್ಳಿಹಾಕದೆ ವೈದ್ಯರಿಗೆ ತೋರಿಸಿ. ಯಾವ ಕೆಲಸ ಮಾಡುತ್ತೀರಿ ಎಂಬುದನ್ನೂ ಹೇಳಿ.

ಕಾನೂನು ಏನು ಹೇಳುತ್ತದೆ?

ಮೊದಲಿದ್ದ ಬಣ್ಣವನ್ನೇ ಮತ್ತೆ ಹೊಡೆದರೆ ತೊಡಕಿಲ್ಲ. ಬೇರೆ ಬಣ್ಣವಾದರೆ ಆರ್‌ಸಿಯಲ್ಲಿ ನಮೂದಾದ ಬಣ್ಣಕ್ಕೂ ವಾಹನಕ್ಕೂ ತಾಳೆಯಾಗುವುದಿಲ್ಲ. ಮೊದಲೇ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ ಆರ್‌ಸಿಯಲ್ಲಿ ಬರೆಸಿಕೊಳ್ಳಿ, ವಿಮೆಯವರಿಗೂ ತಿಳಿಸಿ. ಸೇನೆಯ ವಾಹನಗಳ ಆಲಿವ್ ಹಸಿರನ್ನು ಬೇರೆಯವರು ಬಳಸುವುದನ್ನು ಕೇಂದ್ರ ಮೋಟಾರು ವಾಹನ ನಿಯಮಗಳ 121ನೇ ನಿಯಮ ನಿಷೇಧಿಸುತ್ತದೆ.

ಒಟ್ಟಿನಲ್ಲಿ

ಪ್ಯಾನೆಲ್‌ನ ಹಿಂಬದಿಯ ಅಚ್ಚು ಓದಿ, ಸಿಹಿನೀರಿನಲ್ಲಿ ತೊಳೆದು, ವಾಟರ್ ಪೇಪರಿನಲ್ಲಿ ಹದವಾಗಿ ಉಜ್ಜಿ, ಒಣ ದಿನ ನೋಡಿ ತೆಳುವಾಗಿ ಹೊಡೆದ ಸಾದಾ ಪೇಂಟ್, ಅವಸರದಲ್ಲಿ ಹೊಡೆದ ದುಬಾರಿ ಪೇಂಟಿಗಿಂತ ಹೆಚ್ಚು ಬಾಳುತ್ತದೆ. ಗ್ಯಾರೇಜಿಗೆ ಕೊಡುವುದಾದರೆ ‘ಎಷ್ಟಾಗುತ್ತದೆ’ ಎಂಬುದರ ಜೊತೆಗೆ ಇನ್ನೆರಡು ಪ್ರಶ್ನೆ ಕೇಳಿ: ಈ ಪ್ಲಾಸ್ಟಿಕ್ ಯಾವುದು? ಸ್ಪ್ರೇ ಮಾಡುವಾಗ ಯಾವ ಮಾಸ್ಕ್ ಹಾಕುತ್ತೀರಿ? ಮೊದಲನೆಯದು ನಿಮ್ಮ ಸ್ಕೂಟರಿನ ಬಾಳಿಕೆಯ ಪ್ರಶ್ನೆ, ಎರಡನೆಯದು ಬಣ್ಣ ಹೊಡೆಯುವವರ ಆರೋಗ್ಯದ್ದು. ಮಳೆಗಾಲದಲ್ಲಿ ‘ನಾಳೆಯೇ ಬೇಕು’ ಎಂದು ಅವಸರ ಮಾಡದೆ ನಾಲ್ಕು ತಿಂಗಳು ಕಾದರೆ ಇಬ್ಬರಿಗೂ ಒಳ್ಳೆಯದು.