ಯಂತ್ರವು ತೋರಿಸುವ ಪೂರ್ವಜರು

ಪರಸ್ಥಳಗಳಲ್ಲಿ ಉದ್ಯೋಗದಲ್ಲಿರುವ ನಮ್ಮ ಮಕ್ಕಳಿಗೂ ಮೊಮ್ಮಕ್ಕಳಿಗೂ ಈಚೆಗೆ ತಮ್ಮ ಮನೆತನದ ವಂಶಾವಳಿಯನ್ನು ಬರೆದಿಡಬೇಕೆಂಬ ಹಂಬಲವು ಹುಟ್ಟಿರುವದು ಸಂತೋಷದ ಸಂಗತಿಯೇ ಸರಿ. ಅವರು ಅದನ್ನು ವಹಿಯಲ್ಲಿ ಬರೆಯುವದಿಲ್ಲ. ಫ್ಯಾಮಿಲಿಸರ್ಚ್, ಆನ್ಸೆಸ್ಟ್ರಿ, ಮೈಹೆರಿಟೇಜ್ ಮೊದಲಾದ ಅಂತರ್ಜಾಲದ ತಾಣಗಳಲ್ಲಿ ಬರೆಯುತ್ತಾರೆ. ಇವುಗಳಲ್ಲಿ ಮೊದಲನೆಯದು ಅಮೇರಿಕೆಯ ಯೂಟಾ ಪ್ರಾಂತದಲ್ಲಿ 1894ರಲ್ಲಿ ಸ್ಥಾಪಿತವಾದ ವಂಶಾವಳಿ ಸಂಘವೊಂದರಿಂದ ಬೆಳೆದು ಬಂದದ್ದು. ಅದಕ್ಕೆ ಹಣ ಕೊಡಬೇಕಾಗಿಲ್ಲ. ಒಬ್ಬನ ಹೆಸರು, ಹುಟ್ಟಿದ ವರ್ಷ, ಊರು, ತಂದೆತಾಯಿಗಳ ಹೆಸರು ಇಷ್ಟನ್ನು ತುಂಬಿದರೆ ಸಾಕು, ಯಂತ್ರವು ತನ್ನ ಭಾಂಡಾರದಲ್ಲಿರುವ ಅಸಂಖ್ಯ ದಾಖಲೆಗಳೊಡನೆ ಅದನ್ನು ಹೋಲಿಸಿ, ‘ಇವರು ನಿಮ್ಮವರಾಗಿರಬಹುದು’ ಎಂದು ತಾನಾಗಿಯೇ ಒಂದು ಸುಳಿವನ್ನು ಮುಂದಿಡುವದು. ಆನ್ಸೆಸ್ಟ್ರಿಯಲ್ಲಿ ಆ ಸುಳಿವಿಗೆ ಹಸುರೆಲೆಯ ಗುರುತು. ಒಪ್ಪುವದೂ ತಳ್ಳುವದೂ ನಮ್ಮ ಕೈಯಲ್ಲಿದೆ.

ನ್ಯಾಯಶಾಸ್ತ್ರವನ್ನು ಓದಿದವರಿಗೆ ಸಂಶಯದ ಪ್ರಸಿದ್ಧ ಉದಾಹರಣೆಯು ನೆನಪಿರಬಹುದು. ಮಬ್ಬುಗತ್ತಲೆಯಲ್ಲಿ ದೂರದಿಂದ ಎತ್ತರವಾದದ್ದೊಂದನ್ನು ಕಂಡವನು ಅದು ಮೋಟುಮರವೋ ಮನುಷ್ಯನೋ ಎಂದು ಹೊಯ್ದಾಡುವನು. ಎತ್ತರವು ಎರಡಕ್ಕೂ ಸಾಧಾರಣವಾದ ಲಕ್ಷಣ. ಕೈಕಾಲುಗಳು ಕಂಡಲ್ಲದೆ ನಿರ್ಣಯವಿಲ್ಲ. ಯಂತ್ರದ ಸುಳಿವು ಈ ಸಂಶಯದ ಮೆಟ್ಟಿಲಲ್ಲಿಯೇ ನಿಂತಿರುವಂಥದು.

ಇಂಗ್ಲಂಡದಲ್ಲಿಯೂ ಅಮೇರಿಕೆಯಲ್ಲಿಯೂ ಸುಳಿವುಗಳು ಬಹಳ ಸಲ ನಿಜವಾಗುವವು. ಅಲ್ಲಿ ಮನೆಮನೆಯ ಜನಗಣತಿಯ ಹಾಳೆಗಳನ್ನು ನಿಯಮಿತ ಕಾಲವು ಕಳೆದ ಮೇಲೆ ಎಲ್ಲರಿಗೂ ತೆರೆದಿಡುತ್ತಾರೆ. ಅಮೇರಿಕೆಯ 1950ರ ಗಣತಿಯು 2022ರಲ್ಲಿ ಹೊರಬಿದ್ದಿತು. ನಮ್ಮ ದೇಶದಲ್ಲಿ 1948ರ ಜನಗಣತಿಯ ಕಾಯದೆಯು ಮನೆಮನೆಯ ವಿವರವನ್ನು ಗುಪ್ತವಾಗಿರಿಸಿದೆ. ಹಳೆಯ ಕಂದಾಯದ ಕಾಗದಗಳಲ್ಲಿ ಎಷ್ಟೋ ಮೋಡಿ ಲಿಪಿಯಲ್ಲಿವೆ. ಹೀಗಿರುವದರಿಂದ ನಮ್ಮ ಹಳ್ಳಿಗಳ ಮನೆತನಗಳಿಗೆ ಬರುವ ಸುಳಿವುಗಳು ಬಹುಮಟ್ಟಿಗೆ ದಾಖಲೆಗಳಿಂದ ಬಂದವಲ್ಲ, ಮತ್ತೊಬ್ಬರು ಬರೆದಿಟ್ಟ ವಂಶವೃಕ್ಷಗಳಿಂದ ಬಂದವು. ಅವರು ಯಾರನ್ನು ಕೇಳಿ ಬರೆದರೋ!

ಇದಕ್ಕಿಂತ ದೊಡ್ಡ ತೊಡಕು ನಮ್ಮ ಹೆಸರುಗಳಲ್ಲಿಯೇ ಇದೆ. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವದು ನಮ್ಮ ಸೀಮೆಯ ಪದ್ಧತಿ. ಬಸಪ್ಪನ ಮಗ ಈರಪ್ಪ, ಈರಪ್ಪನ ಮಗ ಬಸಪ್ಪ, ಅವನ ಮಗ ಮತ್ತೆ ಈರಪ್ಪ. ನಮ್ಮ ದುಮ್ಮವಾಡದ ಒಕ್ಕಲುತನದ ಮನೆಯೊಂದರಲ್ಲಿ ಹೀಗೆಯೇ ಇದೆ. ನಿಜವಾದ ಹೆಸರುಗಳನ್ನು ಬಿಟ್ಟು ಈ ಹೆಸರುಗಳಿಂದಲೇ ಹೇಳುವೆನು. ಪರದೇಶದಲ್ಲಿರುವ ಆ ಮನೆಯ ಹುಡುಗನು ತನ್ನ ಅಜ್ಜ ಬಸಪ್ಪನನ್ನೂ ಮುತ್ತಜ್ಜ ಈರಪ್ಪನನ್ನೂ ತಾಣದಲ್ಲಿ ಬರೆದನು. ಅಜ್ಜನು ಬಹುಧಾನ್ಯ ಸಂವತ್ಸರದಲ್ಲಿ ಹುಟ್ಟಿದನೆಂದು ಮನೆಯ ಹಳೆಯ ಪಂಚಾಂಗದ ಅಂಚಿನಲ್ಲಿ ಬರೆದಿತ್ತು. ಕೆಲವು ದಿನಗಳಲ್ಲಿ ಸುಳಿವೊಂದು ಬಂದಿತು. ದಾಯಾದಿಗಳ ಮನೆಯವರಾರೋ ಬರೆದ ವೃಕ್ಷದಲ್ಲಿ ದುಮ್ಮವಾಡದ ಈರಪ್ಪ, ಅವನ ತಂದೆ ಬಸಪ್ಪ, ಮಗ ಬಸಪ್ಪ. ಮಗನ ಜನನವು ಬಹುಧಾನ್ಯದಲ್ಲಿ! ಊರು ಕೂಡಿತು, ಮೂರು ತಲೆಗಳ ಹೆಸರು ಕೂಡಿತು, ಸಂವತ್ಸರವೂ ಕೂಡಿತು. ಹುಡುಗನು ಒಪ್ಪಿದನು. ಅವನ ಸ್ಥಾನದಲ್ಲಿ ಯಾರಿದ್ದರೂ ಒಪ್ಪುತ್ತಿದ್ದರು.

ಆದರೆ ಸಂವತ್ಸರಚಕ್ರವು 60 ವರ್ಷಕ್ಕೊಮ್ಮೆ ತಿರುಗುವದು. 1878ರಲ್ಲಿ ಬಂದ ಬಹುಧಾನ್ಯವೇ 1938ರಲ್ಲಿ ಮತ್ತೆ ಬಂದಿತು. ದಾಯಾದಿಗಳು ಬರೆದ ಬಸಪ್ಪನು 1878ರವನು, ಹುಡುಗನ ಅಜ್ಜನ ಅಜ್ಜ. ಇಬ್ಬರು ಈರಪ್ಪರು ಒಬ್ಬನಾದಾಗ ನಡುವಿನ ಎರಡು ತಲೆಗಳು ಅಳಿಸಿಹೋದವು. ಹಿರಿಯ ಈರಪ್ಪನ ಹೆಂಡತಿಯು ಅಜ್ಜನ ತಾಯಿಯ ಸ್ಥಾನಕ್ಕೆ ಬಂದು ಕುಳಿತಳು.

ಇದನ್ನು ಕಂಡುಹಿಡಿದವರು ಆ ಅಜ್ಜನ ತಂಗಿ, ಎಂಬತ್ತು ದಾಟಿದ ವೃದ್ಧೆ. ಹುಡುಗನು ದೂರವಾಣಿಯಲ್ಲಿ ಹೆಸರುಗಳನ್ನು ಒಂದೊಂದಾಗಿ ಓದಿದನು. ಎಲ್ಲವನ್ನೂ ಕೇಳಿ ಆಕೆಯು, “ಎಲ್ಲಾ ಛಲೋ ಆತು ಯಪ್ಪಾ, ನಮ್ಮ ಹಡೆದವ್ವ ಎಲ್ಲಿ ಹ್ವಾದಳು?” ಎಂದಳು.

ಫ್ಯಾಮಿಲಿಸರ್ಚ್‌ನಲ್ಲಿ ಲೋಕಕ್ಕೆಲ್ಲ ಒಂದೇ ವೃಕ್ಷವಿರುವದರಿಂದ ಒಬ್ಬನು ಮಾಡಿದ ಜೋಡಣೆಯು ಎಲ್ಲರಿಗೂ ಕಾಣುವದು. ಅದನ್ನು ನೋಡಿ ಮತ್ತೊಬ್ಬನು ತನ್ನ ಮನೆಯ ವೃಕ್ಷಕ್ಕೆ ಇಳಿಸಿಕೊಳ್ಳುವನು. ಪುಣ್ಯಕ್ಕೆ ಮಾಡಿದ ಪ್ರತಿಯೊಂದು ಬದಲಾವಣೆಯ ಚರಿತ್ರೆಯು ಅಲ್ಲಿಯೇ ಉಳಿಯುವದರಿಂದ ಹಿಂದೆ ಸರಿಯಲಿಕ್ಕೆ ದಾರಿಯಿದೆ. ಹುಡುಗನು ಹಾಗೆಯೇ ಮಾಡಿದನು. ಅಜ್ಜನ ಶಾಲೆಯ ದಾಖಲಾತಿಯ ಪುಸ್ತಕದಲ್ಲಿ 1-6-1938 ಎಂದು ಜನ್ಮದಿನವಿದ್ದಿತು; ಮುತ್ತಜ್ಜನು ತೀರಿಕೊಂಡ ಮೇಲೆ ಹೊಲಕ್ಕೆ ಮಕ್ಕಳ ಹೆಸರು ಏರಿದ ವಾರಸಾ ನೋಂದಣಿಯೂ ದೊರೆಯಿತು. ಇವೆರಡೂ ಕೂಡಿ ಇಬ್ಬರು ಈರಪ್ಪರನ್ನು ಬೇರ್ಪಡಿಸಿದವು. ಜೂನ 1ರ ವಿಷಯದಲ್ಲಿ ಒಂದು ಮಾತು. ಹಿಂದಿನ ಕಾಲದಲ್ಲಿ ಹುಟ್ಟಿದ ದಿನವು ಗೊತ್ತಿಲ್ಲದ ಮಕ್ಕಳಿಗೆ ಶಾಲೆಯು ತೆರೆಯುವ ಕಾಲಕ್ಕೆ ವಯಸ್ಸು ಕೂಡುವಂತೆ ಮಾಸ್ತರರು ಆ ತಾರೀಖನ್ನು ಬರೆದುಬಿಡುತ್ತಿದ್ದರು. ಅರ್ಧ ಊರೇ ಅಂದು ಹುಟ್ಟಿತೆಂದು ಯಂತ್ರವು ನಂಬೀತು. ನಾವು ವರ್ಷವನ್ನಷ್ಟೇ, ಅದನ್ನೂ ಒಂದೆರಡು ವರ್ಷಗಳ ಅಂತರವಿಟ್ಟುಕೊಂಡು, ನಂಬತಕ್ಕದ್ದು.

ಊರಿನ ವಿಳಾಸವೂ ಹೀಗೆಯೇ ಹೊರಳಾಡಿದೆ. ಒಂದೇ ಮನೆಯಲ್ಲಿ ಹುಟ್ಟಿದ ಮೂರು ತಲೆಯವರು ಕಾಗದದ ಮೇಲೆ ಮುಂಬಯಿ ಇಲಾಖೆಯವರು, 1956ರ ನಂತರ ಮೈಸೂರು ರಾಜ್ಯದವರು, 1973ರ ನಂತರ ಕರ್ನಾಟಕದವರು. ಗದಗು ಹಾವೇರಿಗಳು 1997ರ ವರೆಗೆ ಧಾರವಾಡ ಜಿಲ್ಹೆಯಲ್ಲಿಯೇ ಇದ್ದವಾದ್ದರಿಂದ ಆ ಕಡೆಯ ಬೀಗರನ್ನು ಹುಡುಕುವವರು ಇದನ್ನು ಮರೆಯಬಾರದು.

ನಮ್ಮಲ್ಲಿ ಈ ವಿದ್ಯೆಗೆ ಯಂತ್ರವು ಬರುವ ಎಷ್ಟೋ ಮೊದಲೇ ಹೆಳವರಿದ್ದರು, ಇನ್ನೂ ಇದ್ದಾರೆ. ಸುಗ್ಗಿಯಾದ ಮೇಲೆ ಎತ್ತಿನೊಡನೆ ಬಂದು, ಅಂಗಳದಲ್ಲಿ ನಿಂತು, ಮನೆತನದ ಹಿರಿಯರ ಹೆಸರುಗಳನ್ನು ಹೇಳಿ, ಹೊಸದಾಗಿ ಹುಟ್ಟಿದವರನ್ನು ಬರೆದುಕೊಂಡು, ಕಾಳು ಬಟ್ಟೆ ಪಡೆದು ಹೋಗುವರು. ಹೆಳವನು ಕೇಳಿ ಬರೆದುಕೊಳ್ಳುತ್ತಾನೆ, ಎದುರಿಗೆ ಕುಳಿತ ಹಿರಿಯರು ಅಲ್ಲಿಯೇ ತಿದ್ದುತ್ತಾರೆ. ಈ ತಿದ್ದುವಿಕೆಯು ಯಂತ್ರಕ್ಕೆ ದೊರೆಯದು. ಆದರೂ ಅವನ ಪಾಠದಲ್ಲಿ ಗಂಡುಸಂತತಿಯೇ ಮುಖ್ಯವಾಗಿರುವದು. ಶ್ರಾದ್ಧ ಮಾಡುವ ಮನೆಗಳಲ್ಲಿ ಪಿತೃವಿನಂತೆ ಮಾತೃ, ಪಿತಾಮಹಿ, ಪ್ರಪಿತಾಮಹಿಯರ ಹೆಸರನ್ನೂ ಹೇಳಬೇಕಾಗುವದರಿಂದ ಮೂರು ತಲೆಯ ಹೆಣ್ಣುಮಕ್ಕಳಾದರೂ ಉಳಿಯುವರು. ಸಂಕಲ್ಪದ ಆ ಚೀಟಿಯನ್ನು ಪುರೋಹಿತರ ಕೈಯಲ್ಲಿಯೇ ಬಿಡದೆ ಒಂದು ಪ್ರತಿಯನ್ನು ಮನೆಯಲ್ಲಿಡುವದು ಲೇಸು.

ಅಲ್ಲಿಯೂ ಉಳಿಯುವದು ಗಂಡನ ಮನೆಯ ಹೆಸರು ಮಾತ್ರ. ಮದುವೆಯಲ್ಲಿ ಸೊಸೆಗೆ ಹೊಸ ಹೆಸರನ್ನಿಡುವ ರೂಢಿಯು ನಮ್ಮ ಸೀಮೆಯ ಅನೇಕ ಮನೆತನಗಳಲ್ಲಿ ಇತ್ತು. ಆಗ ಒಬ್ಬಳೇ ಹೆಣ್ಣುಮಗಳು ಯಂತ್ರಕ್ಕೆ ಇಬ್ಬರಾಗಿ ತೋರುವಳು; ತವರಿನ ವೃಕ್ಷದಲ್ಲಿ ಅರ್ಧಕ್ಕೆ ನಿಂತವಳೊಬ್ಬಳು, ಗಂಡನ ವೃಕ್ಷದಲ್ಲಿ ತಂದೆತಾಯಿಗಳಿಲ್ಲದವಳೊಬ್ಬಳು. ಎಂಥ ಸುಳಿವೂ ಇವರಿಬ್ಬರನ್ನು ಕೂಡಿಸಲಾರದು. ಈ ತಾಣಗಳಲ್ಲಿ ಒಬ್ಬರಿಗೆ ಎರಡನೆಯ ಹೆಸರನ್ನು ಬರೆಯಲು ಸ್ಥಳವಿದೆ. ಯಾರು ಹೇಳಿದರು, ಯಾವಾಗ ಹೇಳಿದರು ಎಂದು ಕಾರಣವನ್ನು ಬರೆಯಲೂ ಸ್ಥಳವಿದೆ. ಬಹುಜನರು ಅದನ್ನು ಖಾಲಿಯಾಗಿಯೇ ಬಿಡುತ್ತಾರೆ.

ಹುಡುಗನು ಖಾಲಿ ಬಿಡಲಿಲ್ಲ. ಮುತ್ತಜ್ಜಿಯನ್ನು ಆಕೆಯ ಸ್ಥಾನದಲ್ಲಿ ಮತ್ತೆ ಬರೆದು, ಮಗಳೇ ಹೇಳಿದಳೆಂದು ಕಾರಣವನ್ನು ನಮೂದಿಸಿದನು. ಹುಟ್ಟುಹೆಸರು ಮಾತ್ರ ಮಗಳಿಗೂ ಗೊತ್ತಿಲ್ಲ. ತವರು ಕುಂದಗೋಳ ತಾಲೂಕಿನಲ್ಲಿದೆ; ಅಲ್ಲಿ ಆಕೆಯ ಅಣ್ಣನ ಸೊಸೆಯೊಬ್ಬಳು ಇನ್ನೂ ಇದ್ದಾಳಂತೆ. ಹುಡುಗನ ತಂದೆಯು ಈ ವಾರದಲ್ಲಿ ಹೋಗಿ ಕೇಳಿ ಬರುವೆನೆಂದು ಹೇಳಿರುವನು.